ಕುರಿಯ ಚಿತ್ರವಿದ್ದ ಬಾಟಲಿ

"ಮೂವತ್ತೊಂದು ಕುರಿ ಸತ್ತಾವ್ರಿ. ಇದನ್ನ ಕುಡಿಸಿದ ನಮ್ಮಕ್ಕನ ಮ್ಯಾಲೆ ಹೊರಿಸ್ಯಾರ."

ಬೀರದೇವ ಮೇಜಿನ ಮೇಲೆ ಹಸಿರು ಬಾಟಲಿಯೊಂದನ್ನು ಇಟ್ಟಾಗ ಶುಭಾಂಗಿ ಮೊದಲು ನೋಡಿದ್ದು ಅದರ ಬಣ್ಣವನ್ನು. ಅಚ್ಚು ಚೆನ್ನಾಗಿ ಬಂದಿತ್ತು. ಆ ಲೇಬಲ್ ಅವಳೇ ಮಾಡಿದ್ದು.

ಉಗಾರ ಖುರ್ದದ ಆ ಮುದ್ರಣಾಲಯದ ಮಾಲೀಕ ನೇಮಿನಾಥ ಅಚ್ಚುಮೊಳೆ ಜೋಡಿಸಿ ಕಣ್ಣು ಸವೆಸಿದ ಮುದುಕ. ಸುಳ್ಳು ಸಹಿ, ಕಳ್ಳ ಪತ್ರಗಳನ್ನು ಹಿಡಿದುಕೊಟ್ಟು ಸುತ್ತಲಿನ ಊರುಗಳಿಗೆ ಪತ್ತೇದಾರರಾಗಿದ್ದರು. ಪ್ರತಿ ಸಲವೂ ಜೊತೆಗಿರುತ್ತಿದ್ದವಳು ಅಲ್ಲಿ ಲೇಬಲ್‌ಗಳ ಚಿತ್ರ ಬರೆಯುವ ಶುಭಾಂಗಿ.

"ಪೊಲೀಸರು?" ನೇಮಿನಾಥ ಕೇಳಿದರು.

"ಸಂಜೀಕ ಬರ್ತಾರಂತ್ರಿ. ಬ್ಯಾರೆ ಮನಿ ಮಾಡೂಣು ಅಂದಿದ್ಲು ನಮ್ಮಕ್ಕ ಮಾಯಾ. ಅದಕ್ಕ ವಿಷ ಹಾಕ್ಯಾಳ ಅಂತಾನ ಆಕಿ ಮಾವ ಮಾಳಸಿದ್ದ."

ಮೂವರೂ ಹೋದಾಗ ಐಗಳಿಯಲ್ಲಿ ಮಾಳಸಿದ್ದನ ಹಟ್ಟಿಯೊಳಗೆ ಸತ್ತ ಕುರಿಗಳನ್ನು ಸಾಲಾಗಿ ಮಲಗಿಸಿದ್ದರು. ಗೋಡೆಯ ಗೂಡಿನಲ್ಲಿ ಅಂಥದೇ ಇನ್ನೊಂದು ಹಸಿರು ಬಾಟಲಿಯಿತ್ತು. ಅದರ ಸೀಲು ಒಡೆದಿರಲಿಲ್ಲ.

"ಮೊದಲ ಯಾವುದು ಬಿತ್ತು?" ನೇಮಿನಾಥ ಕೇಳಿದರು.

"ಕೆಂಪಿ ಮರಿ," ಎಂದ ಮಾಳಸಿದ್ದ. "ಈಕಿ ತವರಿಂದ ತಂದು ತಾನ ಸಾಕಿದ್ದು. ಅದನ್ನೂ ಬಿಡಲಿಲ್ಲ, ಎಂಥಾ ಹೆಣ್ಮಗಳೋ."

ಮಾಯಾ ಮೂಲೆಯಲ್ಲಿ ಕೂತಿದ್ದಳು. ನೇಮಿನಾಥ ಅವಳ ಮೊಬೈಲು ಕೇಳಿದರು. "ಔಷಧ ಎಷ್ಟು ಅಂತ ಹೆಂಗ ಗೊತ್ತಾತು?"

"ನನಗ ಓದಾಕ ಬರೂದಿಲ್ರಿ. ಕಂಪನಿ ಆ್ಯಪಿನ್ಯಾಗ ಕುರಿ ಚಿತ್ರ ಒತ್ತಿದ್ರ ಅದ ಮಾತಾಡ್ತೈತ್ರಿ. ಹೇಳಿದಷ್ಟ ಅಳದು ಕುಡಿಸಿದೆ."

ಮಧ್ಯಾಹ್ನ ಎಲ್ಲರನ್ನೂ ಕೂರಿಸಿ, ನೇಮಿನಾಥ ಎರಡೂ ಬಾಟಲಿಗಳ ಮುಚ್ಚಳಕ್ಕೆ ಬಟ್ಟೆ ಸುತ್ತಿ ಎದುರಿಗಿಟ್ಟರು.

"ಕೊಲ್ಲೂ ಮನಸ್ಸಿದ್ದಾಕಿ ನೀರಿನ ತೊಟ್ಟಿಗೆ ಸುರೀತಿದ್ಲು. ಈಕಿ ಒಂದೊಂದು ಕುರಿನೂ ಮೊಳಕಾಲ ಸಂದ್ಯಾಗ ಹಿಡದು, ಅಳದು ಕುಡಿಸ್ಯಾಳ, ಅದೂ ತನ್ನ ಮರಿಗೆ ಮೊದಲ. ಇವೆರಡರಾಗ ಒಂದು ಜಂತಿನ ಔಷಧ. ಇನ್ನೊಂದು, ಈಕಿ ಒಡದದ್ದು, ಹೊಲದ ಕಳೆ ಸುಡೂ ವಿಷ. ಮಾಳಸಿದ್ದ, ನಿನಗೂ ಓದಾಕ ಬರೂದಿಲ್ಲ. ಜಂತಿನ ಔಷಧ ಯಾವುದು, ತೋರ್ಸು."

ಮಾಳಸಿದ್ದ ಎರಡನ್ನೂ ತಿರುಗಿಸಿ ನೋಡಿದ. ಎರಡರ ಮೇಲೂ ಅದೇ ಕುರಿ. ಅವನ ಕೈ ವಿಷದ ಬಾಟಲಿಯ ಮೇಲೇ ನಿಂತಿತು.

"ಕಂಪನಿ ಮೊದಲ ಕುರಿ ಔಷಧ ಅಷ್ಟ ಮಾಡ್ತಿತ್ತು, ಅದಕ್ಕ ಕುರಿ ಚಿತ್ರ," ಎಂದರು ನೇಮಿನಾಥ. " ಹ್ವಾದ ವರ್ಷ ಅದ ಬ್ರ್ಯಾಂಡ್ ಆತು. ಎಲ್ಲಾ ಬಾಟಲಿಗೂ, ಆ್ಯಪಿಗೂ ಒಂದ ಮುಖ ಇರಲಿ ಅಂದ್ರು. ವಿಷದ ಗುರುತು ಹಿಂದ ಹೋತು, ಉಗುರಿನಷ್ಟ. ಲೇಬಲ್ ಇರೂದು ಚೆಂದ ಕಾಣಾಕಲ್ಲಪಾ, ಓದಾಕ ಬರದವರ ಕೈ ತಡಿಯಾಕ."

"ಯಾರ್ ಮಾಡಿದ್ದು ಇದನ್ನ?" ಮಾಳಸಿದ್ದ ಕೇಳಿದ.

ನೇಮಿನಾಥ ಕನ್ನಡಕ ತೆಗೆದರು. "ಪ್ರೂಫ್ ನೋಡಿ ಆಗಲಿ ಅಂದಾವ ನಾನು."

"ಮಾಡಿದಾಕಿ ನಾನ್ರಿ," ಎಂದಳು ಶುಭಾಂಗಿ.

ಯಾರೂ ಬಯ್ಯಲಿಲ್ಲ. ಪೊಲೀಸರು ಬರುವುದು ಬೇಡವೆಂದು ಮಾಳಸಿದ್ದ ಫೋನು ಮಾಡಿಸಿದ. ಆದರೆ, "ಈಕಿ ಮಾರಿ ನೋಡಿದ್ರ ಹಟ್ಟಿ ನೆನಪಾಗ್ತೈತಿ, ಕರಕೊಂಡು ಹೋಗು," ಎಂದ ಬೀರದೇವನಿಗೆ.

ಶುಭಾಂಗಿ ಹೊರಗೆ ನಿಂತು ಕಂಪನಿಯ ಭಾವುಸಾಹೇಬನಿಗೆ ಕರೆ ಮಾಡಿ, ಲೇಬಲ್ ಬದಲಿಸಬೇಕೆಂದಳು. "ಮಾಲು ಅಥಣಿ, ರಾಯಬಾಗಕ್ಕ ಹೋಗೇತಿ ತಾಯಿ," ಎಂದ ಆತ. "ಜನ ಈಗೀಗ ಕುರಿ ಗುರುತು ಹಿಡ್ಯಾಕತ್ಯಾರ. ಈಗ ಹೆಂಗ ಬದಲು ಮಾಡೂದು?"

ಬಟ್ಟೆಯ ಗಂಟು ಹಿಡಿದು ಬಂದ ಮಾಯಾ ಅವಳ ಪಕ್ಕ ನಿಂತಳು.

"ಅಕ್ಕಾ, ಚಿತ್ರ ಭಾಳ ಚಲೋ ತಗದೀರಿ. ನಮ್ಮ ಕೆಂಪಿ ಇದ್ದಂಗ ಐತಿ," ಎಂದಳು. "ಅದಕ್ಕಂತನ ಕೆಂಪಿಗೆ ಮೊದಲ ಕುಡಿಸಿದೆ."