ಹೋಲ್ಡಾನ್ ಅಂದವನಿಗೆ ರೈಟ್ ಅನ್ನಬೇಕು

"ಹೋಲ್ಡಾನ್..."

ಹುಮನಾಬಾದ್ ನಿಲ್ದಾಣದಿಂದ ಹೊರಟಿದ್ದ ಬಸವಕಲ್ಯಾಣದ ಬಸ್ಸು ಕಂಡಕ್ಟರನ ಕೂಗಿಗೆ ಗಕ್ಕನೆ ನಿಂತಿತು. ಓಡಿ ಬಂದು ಏದುಸಿರು ಬಿಡುತ್ತಾ ಹತ್ತಿದವಳನ್ನು ನೋಡಿ ಕಂಡಕ್ಟರ್ ಸಂಘರತ್ನ ಕೇಳಿದ, "ಹೆಸರೇನ್ರಿ?"

"ಟಿಕೇಟಿಗಿ ಹೆಸರು ಯಾಕ ಬೇಕ್ರಿ?" ಎಂದು ಸಿಡುಕಿದವಳೇ ಆಮೇಲೆ ಮೆಲ್ಲಗೆ ಹೇಳಿದಳು, "ರತ್ನಮಾಲಾ."

"ಒಂದ ಬಸ್ಸಿನಾಗ ಎರಡು ರತ್ನ ಆದ್ವು ನೋಡ್ರಿ," ಎಂದವನೇ "ರೈಟ್" ಎಂದು ಕೂಗಿ ಬಸ್ಸು ಬಿಡಿಸಿದ.

ಅಂದಿನಿಂದ ಅವಳು ತಡವಾದರೆ ಬಸ್ಸೂ ತಡ. ಪ್ರಯಾಣಿಕರು ಬೈದು ಬೈದು ಸುಸ್ತಾದರು, ಕೊನೆಗೆ ಅವರೇ ಮದುವೆಯ ಊಟಕ್ಕೂ ಬಂದರು.

ಈಗ ಅದೇ ಹುಮನಾಬಾದಿನ ಆಸ್ಪತ್ರೆಯಲ್ಲಿ ಸಂಘರತ್ನ ಮಲಗಿದ್ದ. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಇಳಿದಿತ್ತು. ಗಂಜಿ ಹಿಡಿದು ಬಂದ ರತ್ನಮಾಲಾ, ಗಂಡನ ಮಾತು ಕೇಳಿ ಬಾಗಿಲಲ್ಲೇ ನಿಂತಳು.

"ಸೂಜಿ ಹಾಕಿ ಮುಗಿಸಿಬಿಡ್ರಿ ಮೇಡಂ."

"ಅದಕ್ಕ ಕಾನೂನಿನಾಗ ಅವಕಾಶ ಇಲ್ರಿ," ಎಂದರು ಡಾಕ್ಟರ್ ಅತಿಯಾ. "ಉಸಿರಾಟದ ಮಶೀನ್ ಬ್ಯಾಡ ಅನ್ನಬಹುದು. ಅಷ್ಟ."

"ಇಷ್ಟು ನೋವು ತಿನ್ನೋರನ್ನ ಒಮ್ಮಿ ಕೇಳಿ ಕಾನೂನು ಮಾಡ್ಬೇಕ್ರಿ. ಹೋಗ್ಲಿ, ಮಶೀನ್ ಅಂತೂ ಬ್ಯಾಡ. ಆದ್ರ ರತ್ನಾ ಒಪ್ಪಂಗಿಲ್ಲ..."

ಗಂಜಿಯ ಡಬ್ಬಿ ಕುಕ್ಕಿ ಅವಳು ಒಳಗೆ ಬಂದಳು.

"ನಾ ಅಷ್ಟು ಬ್ಯಾಸರಾದೆನೇನ್ರಿ ನಿಮಗ?"

ಅವನು ಏನೋ ಹೇಳಹೊರಟ. ಕೆಮ್ಮು ಬಿಡಲಿಲ್ಲ. ಅವಳೂ ಕಾಯಲಿಲ್ಲ.

ಹುಲಸೂರಿನ ತವರಿಗೆ ಹೋಗಿಬಿಡುತ್ತೇನೆ... ಉಣಿಸಿದ್ದು, ಒರೆಸಿದ್ದು, ಯಾವುದೂ ಸಾಲದಾಯಿತೇ ಇವರಿಗೆ? ಕಣ್ಣೊರೆಸಿಕೊಳ್ಳುತ್ತಾ ಹುಲಸೂರಿನ ದಾರಿಯ ಬಸವಕಲ್ಯಾಣದ ಬಸ್ಸು ಹತ್ತಿ ಕುಳಿತಳು.

ಬಸ್ಸು ತುಂಬಿತ್ತು, ಹೊರಗೆ ಉರಿಬಿಸಿಲು. ತನ್ನವರು ಯಾರೋ ಇನ್ನೂ ಬರಬೇಕೆಂದು ಒಬ್ಬ ಬಾಗಿಲಲ್ಲೇ ನಿಂತು "ಹೋಲ್ಡಾನ್, ಹೋಲ್ಡಾನ್" ಎನ್ನುತ್ತಿದ್ದ.

ಪಕ್ಕದ ಮುದುಕಿ ಸೆರಗಿನಿಂದ ಗಾಳಿ ಬೀಸಿಕೊಂಡಳು. "ಇವಗ ತನ್ನ ಮಂದಿದಷ್ಟ ಚಿಂತಿ. ಒಳಗ ಕುಂತೋರು ಬೇಯಾಕತ್ತೇವಿ, ಅದು ಕಾಣಂಗಿಲ್ಲ."

ರತ್ನಮಾಲಾ ಬಾಗಿಲಲ್ಲಿ ನಿಂತವನನ್ನೇ ನೋಡಿದಳು. ಇಷ್ಟು ದಿನ ಹೋಲ್ಡಾನ್ ಎನ್ನುತ್ತಾ ನಿಂತವಳು ತಾನೇ ಅಲ್ಲವೇ? ಒಳಗೆ ಬೇಯುತ್ತಿದ್ದವನು ಅವನು...

"ಇಳೀತೀನ್ರಿ," ಎನ್ನುತ್ತಾ ಜನರನ್ನು ಸರಿಸಿಕೊಂಡು ಇಳಿದಳು.

ವಾರ್ಡಿನಲ್ಲಿ ಡಾಕ್ಟರ್ ಎದುರೇ ಸಿಕ್ಕರು. "ಮಶೀನ್ ಬ್ಯಾಡ್ರಿ. ನೋವಿನ ಔಷಧ ಕೊಡ್ರಿ. ಮನಿಗಿ ಕರ್ಕೊಂಡು ಹೋಗ್ತೀನಿ," ಎನ್ನುವಷ್ಟರಲ್ಲಿ ಅವಳಿಗೆ ದುಃಖ ಒತ್ತರಿಸಿ ಬಂತು.

ಹಾಸಿಗೆಯ ಬಳಿ ಬಂದ ಅವಳ ಕೈಯನ್ನು ಸಂಘರತ್ನ ಹುಡುಕಿದ. "ನೀ ಬ್ಯಾಸರಾಗಿಲ್ಲ ರತ್ನಾ. ಈ ಉಸಿರು ಬ್ಯಾಸರಾಗ್ಯದ."

"ಗೊತ್ತಾಯ್ತ್ರಿ."

"ಹಂಗಾರ ಆ ಮಾತು ಹೇಳಿಬಿಡು."

ಯಾವ ಮಾತೆಂದು ಅವಳು ಕೇಳಲಿಲ್ಲ. ಅವನ ಕಿವಿಗೆ ಬಾಗಿದಳು.

"ರೈಟ್..."

ಅವನು ನಕ್ಕ. ತಿಂಗಳಾದ ಮೇಲೆ ಕಂಡ ನಗು.

"ಬಾಜೂಕ ಟಾವೆಲ್ ಹಾಕಿ ಸೀಟ್ ಹಿಡಿದಿರ್ತೀನಿ. ನೀ ಸಾವಕಾಶ ಬಾ."