ಮೂರು ಐವತ್ತರ ಬಸ್ಸು

ವೀಣ ಅವನನ್ನು ಮೊದಲು ಕಂಡಾಗ ಅವನು ಉಗುಳುತ್ತಿದ್ದ.

ಸುಮ್ಮನೆ ಉಗುಳುವುದಲ್ಲ. ವೈನರಿಯ ಕೌಂಟರಿನ ಹಿಂದೆ ನಿಂತು ಗಾಜಿನ ಲೋಟದಿಂದ ಒಂದು ಗುಟುಕು ಕೆಂಪು ವೈನನ್ನು ಬಾಯಿಗೆ ಹಾಕಿಕೊಂಡ, ಕೆನ್ನೆಯಿಂದ ಕೆನ್ನೆಗೆ ಹೊರಳಿಸಿದ, ಕಣ್ಣು ಮುಚ್ಚಿ ಜಪಕ್ಕೆ ನಿಂತವನಂತೆ ನಿಂತ, ಕೊನೆಗೆ ಪಕ್ಕದ ಸ್ಟೀಲ್ ಬಕೆಟ್ಟಿಗೆ ಪಿಚಕ್ಕನೆ ಉಗಿದ. ಬಕೆಟ್ಟಿನ ಅಂಚಿನಿಂದ ಕೆಂಪು ಎಳೆಯೊಂದು ಜೋಲಾಡಿತು. ಎಂಟು ಕಿಲೋಮೀಟರ್ ಕಾಡಿನಲ್ಲಿ ನಡೆದು, ಬಸ್ಸಿಗೆ ಕಾಯಲು ನೆರಳು ಹುಡುಕುತ್ತಿದ್ದವಳು ಸರಕ್ಕನೆ ಮುಖ ತಿರುಗಿಸಿದಳು.

ಅದು ಅವನಿಗೆ ಕಂಡಿತು. ಬಾಯಿ ಒರೆಸಿಕೊಂಡು, ಬಿಸಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ ಎಂದ. ಅವಳು ಬೆಂಚಿನ ತೀರಾ ತುದಿಯಲ್ಲಿ ಕೂತಳು.

"ಅಸಯ್ಯ ಆಯ್ತಾ ಮೇಡಮ್ಮೋರೆ?"

"ಆಗ್ದೆ ಇರುತ್ತಾ?"

"ಉಗುದ್ರೇನೆ ನಾಲ್ಗೆ ನೆಟ್ಟಗಿರೋದು ಕಣ್ರೀ. ನುಂಗ್ತಾ ಕೂತ್ರೆ ನಾಕ್ನೇ ಲೋಟಕ್ಕೆ ಎಲ್ಲಾ ಒಂದೇ ರುಚಿ."

ಹೀಗೆ ಹೇಳಿ, ಅವಳ ಮುಂದೆ ಒಂದು ಲೋಟ ನಿಂಬೆಹಣ್ಣಿನ ಪಾನಕ ಇಟ್ಟು, ಉಗಿದ ಬಕೆಟ್ಟನ್ನು ಅವಳ ಕಣ್ಣಿಗೆ ಬೀಳದ ಕಡೆಗೆ ಕಾಲಿನಿಂದ ಸರಿಸಿದ. ಆ ಸರಿಸಿದ ಕಾಲನ್ನು ವೀಣ ಆ ರಾತ್ರಿ ಮಂಡ್ಯದ ಮನೆಯಲ್ಲಿ ಮಲಗಿ ಎರಡು ಸಲ ನೆನೆದಳು.

ಅವನ ಹೆಸರು ರಘುನಂದನ್. ಮಳವಳ್ಳಿ ಕಡೆಯ ಕೆಂಚನದೊಡ್ಡಿಯ ಗೌಡರ ಮನೆಯವನು. ತನ್ನ ಹೊಲದ ದ್ರಾಕ್ಷಿಯನ್ನು ಊರ ಪಕ್ಕದ ಈ ವೈನರಿಗೆ ಕೊಡುತ್ತಿದ್ದ. ಶನಿವಾರ ಭಾನುವಾರ ಅಲ್ಲಿನ ಕೌಂಟರನ್ನೂ ನೋಡಿಕೊಳ್ಳುತ್ತಿದ್ದ. ವೀಣ ಮಂಡ್ಯದ ಕಾಲೇಜೊಂದರಲ್ಲಿ ಭೂಗೋಳದ ಮೇಡಂ. ಮಾತು ಕಡಿಮೆ, ನಡಿಗೆ ಜಾಸ್ತಿ. ಕಾರಿಲ್ಲದವರೂ ಕಾಡು ನೋಡಲಿ ಎಂದು ಅವಳು ಮೊಬೈಲಿನಲ್ಲಿ ಒಂದು ಪುಟದ ಚೀಟಿಗಳನ್ನು ಮಾಡಿ ಹಂಚುತ್ತಿದ್ದಳು: ಎಲ್ಲಿ ಬಸ್ಸು ಹತ್ತಬೇಕು, ಎಲ್ಲಿಳಿಯಬೇಕು, ಯಾವ ಕಾಲುದಾರಿ, ವಾಪಸ್ಸು ಯಾವ ಬಸ್ಸು. ಕೆಂಚನದೊಡ್ಡಿಯ ಚೀಟಿ ಹೀಗಿತ್ತು. ಮದ್ದೂರಿನಿಂದ ಬೆಳಗಿನ ಬಸ್ಸು. ಕ್ರಾಸಿನಲ್ಲಿ ಇಳಿದು ಪಟ್ಟಲದಮ್ಮನ ದೇವರಕಾಡಿನ ದಾರಿ. ಬಂಡೆಯ ನಡುವೆ ನೀರು ನಿಂತ ದೊಣೆ, ಆಮೇಲೆ ದ್ರಾಕ್ಷಿ ತೋಟ. ಮಧ್ಯಾಹ್ನ ಮೂರೂಕಾಲಿಗೆ ನಡಿಗೆ ಮುಗಿಯುತ್ತದೆ. ಐದು ನಲವತ್ತಕ್ಕೆ ವೈನರಿಯ ಮುಂದೆ ಮದ್ದೂರಿನ ಬಸ್ಸು.

ನಡುವಿನ ಎರಡು ಗಂಟೆ ಚಿಲ್ಲರೆಗೆ ಚೀಟಿಯಲ್ಲಿ ಏನೂ ಇರಲಿಲ್ಲ. ಆ ಖಾಲಿ ಎರಡು ಗಂಟೆಯಲ್ಲಿ ವೀಣಳ ಒಂದೂವರೆ ವರ್ಷ ಕಳೆಯಿತು.

ತಿಂಗಳಿಗೊಮ್ಮೆ, ಆಮೇಲೆ ಎರಡು ಸಲ, ಅವಳು ಆ ಕಾಡಿಗೇ ಬಂದಳು. ಬೆಂಚಿನ ತುದಿಯಿಂದ ನಡುವಿಗೆ ಸರಿದಳು. ದ್ರಾಕ್ಷಿ ಅರೆಯುವ ಕಾಲದಲ್ಲಿ ಅವನ ಕೈಗಳು ಮೊಣಕೈವರೆಗೂ ನೇರಳೆ. ಮೈಯೆಲ್ಲ ಹುಳಿತ ಸಿಪ್ಪೆಯ ವಾಸನೆ, ತಲೆಯ ಸುತ್ತ ನುಸಿ. ಮೂಗು ಮುಚ್ಚಿಕೊಂಡೇ ಅವಳು ಅವನ ಮಾತು ಕೇಳುತ್ತಿದ್ದಳು. ಮೂಗು ಮುಚ್ಚಿದ ಕೈಯ ಮೇಲಿನಿಂದ ನೋಡುವ ಆ ಎರಡು ಕಣ್ಣು ನಗುತ್ತಿವೆಯೋ ಬೈಯುತ್ತಿವೆಯೋ ಎಂದು ಅವನು ಕೇಳಿದ್ದ. ಗೌಡರಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುತ್ತಾ ಎಂದು ಅವಳು ಕೇಳಿದ್ದಳು. ಅಷ್ಟೇ. ಅದಕ್ಕಿಂತ ಒಂದು ಮಾತು ಇಬ್ಬರೂ ಮುಂದೆ ಹೋಗಿರಲಿಲ್ಲ. ಕಾವ್ಯ ಓದುವವರು ಪದ್ಯದ ಕೊನೆಯ ಸಾಲಿಗೆ ಮುಂಚೆ ಉಸಿರು ಹಿಡಿದು ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದರು.

ಪರೀಕ್ಷೆಯ ಕೆಲಸದಲ್ಲಿ ಮೂರು ತಿಂಗಳು ಬರಲಾಗಲಿಲ್ಲ. ಮಾರ್ಚಿನ ಒಂದು ಭಾನುವಾರ ಬಂದವಳು ದೇವರಕಾಡಿನ ಬಾಯಲ್ಲೇ ನಿಂತುಬಿಟ್ಟಳು.

ಮುತ್ತುಗ ಹೂ ಬಿಟ್ಟಿತ್ತು. ಅದರ ಬುಡದಲ್ಲಿ ಬಿರಿಯಾನಿಯ ತಟ್ಟೆಗಳು, ಮೂಳೆ, ಅದಕ್ಕೆ ಮುತ್ತಿದ ಇರುವೆ. ದೊಣೆಯ ನೀರಿನ ಮೇಲೆ ಎಣ್ಣೆಯ ಪೊರೆ. ಅದರಲ್ಲಿ ಮಗುವಿನ ಡೈಪರೊಂದು ಊದಿಕೊಂಡು ತೇಲುತ್ತಿತ್ತು. ಎಲ್ಲಿ ಕಾಲಿಟ್ಟರೂ ಒದ್ದೆ ಟಿಶ್ಯೂ. ಪಟ್ಟಲದಮ್ಮನ ಕಲ್ಲಿನ ಪಕ್ಕದಲ್ಲೇ ಯಾರೋ ವಾಂತಿ ಮಾಡಿದ್ದರು. ಕೆಂಪು ವಾಂತಿ. ಅಮ್ಮನ ಕುಂಕುಮಕ್ಕೂ ಅದಕ್ಕೂ ನೊಣ ಒಂದೇ ಸಮ ಹಾರಾಡುತ್ತಿತ್ತು.

ಆ ಕಲ್ಲನ್ನು ತೊಳೆದು ಪೂಜೆ ಮಾಡುವ ಮಂಚಮ್ಮ ಪೊರಕೆ ಹಿಡಿದು ಕೂತಿದ್ದಳು. ಗುಡಿಸಿ ಸಾಕಾಗಿ ಕೂತವಳು.

"ನೋಡವ್ವ, ನಮ್ಮಮ್ಮನ ಕಾಡ್ನ ಕಕ್ಕಸ್ಸು ಮಾಡವ್ರೆ. ಚಪ್ಲಿ ಬುಟ್ಟು ಒಳೀಕ್ ಬರೋ ಜಾಗ ಇದು. ಈಗ ಬರಿಗಾಲ್ಲಿ ಬಂದ್ರೆ ಗಾಜು ಚುಚ್ತದೆ. ಅದ್ಯಾವ್ದೋ ಚೀಟಿ ನೋಡ್ಕೊಂಡ್ ಬತ್ತಾರಂತೆ. ಆ ಚೀಟಿ ಬರ್ದೋರ ಕೈಗೆ ಈ ಪೊರ್ಕೆ ಕೊಡ್ಬೇಕು."

ಚೀಟಿ ಬರೆದವಳು ಎದುರಿಗೇ ನಿಂತಿದ್ದಳು. ಕಾಲ ಬಳಿ ಬಿದ್ದಿದ್ದ ಬಾಟಲಿಯನ್ನು ಎರಡು ಬೆರಳಲ್ಲಿ ಎತ್ತಿದಳು. ರಘುನಂದನನ ಕೌಂಟರಿನ ಬಾಟಲಿ.

ಅದನ್ನು ತಂದು ಅವನ ಮುಂದೆ ಕುಕ್ಕಿದಳು. ಒಳಗಿಂದ ಸಿಗರೇಟಿನ ತುಂಡು ಬೆರೆತ ನೀರು ಕೌಂಟರಿನ ಮೇಲೆ ಚೆಲ್ಲಿತು. ದೇವರ ಜಾಗಕ್ಕೆ ಇದನ್ನು ಮಾರಿ ಕಳಿಸುತ್ತೀರಲ್ಲ, ನಿಮ್ಮ ಕೈಯಲ್ಲಿ ಪಾನಕ ಕುಡಿದ ನನ್ನ ಬಾಯಿಗೆ ನಾನೇ ಹೇಸಬೇಕು ಎಂದಳು. ಅವನ ಮುಖ ಕಪ್ಪಿಟ್ಟಿತು. ಆದರೂ ದನಿ ಏರಿಸಲಿಲ್ಲ.

"ಬಾಟ್ಲು ನಂದು, ಒಪ್ಕತೀನಿ. ಆದ್ರೆ ಎರ್ಡು ಗಂಟೆ ನಿಮ್ದು."

"ಏನು ಹಾಗಂದ್ರೆ?"

ಚೀಟಿ ಈಚೆಗೆ ಮೊಬೈಲಿಂದ ಮೊಬೈಲಿಗೆ ಹರಡಿದೆ, ಮೂರೂಕಾಲಿಗೆ ನಡಿಗೆ ಮುಗಿಸಿದ ಐವತ್ತು ಜನ ಐದು ನಲವತ್ತರವರೆಗೆ ಏನು ಮಾಡಬೇಕು ಎಂದು ಅವನು ಕೇಳಿದ. ಬಿಸಿಲು. ಬೆಂಚು ಒಂದೇ. ಬಾಟಲಿ ಕೊಂಡು ಮತ್ತೆ ಕಾಡಿನ ನೆರಳಿಗೆ ಹೋಗುತ್ತಾರೆ. ಹುಣಸೆಮರದ ಗೇಟಿನಿಂದ, ಒಂದು ಕಿಲೋಮೀಟರ್ ದೂರದಲ್ಲಿ, ಮೂರು ಐವತ್ತಕ್ಕೆ ಮಳವಳ್ಳಿಗೆ ಬಸ್ಸು ಹೋಗುತ್ತದೆ. ಅದನ್ನು ಬರೆದಿದ್ದರೆ ಎಲ್ಲರೂ ನೆಟ್ಟಗೆ ಮನೆಗೆ ಹೋಗುತ್ತಿದ್ದರು.

"ಆ ಬಸ್ಸು ನಿಮ್ಗೆ ಗೊತ್ತಿರ್ನಿಲ್ವಾ?"

"ಗೊತ್ತಿರ್ಲಿಲ್ಲ" ಎಂದಳು ವೀಣ.

ಗೊತ್ತಿತ್ತು. ಎರಡನೆಯ ಸಲ ಬಂದಾಗಲೇ, ಬೆಳಗಿನ ಬಸ್ಸಿನಲ್ಲೂ ಇದರಲ್ಲೂ ಟಿಕೆಟ್ ಕೊಡುವ ಕಂಡಕ್ಟರ್ ಮಾದಯ್ಯ ಹೇಳಿದ್ದ. ಅವಳು ಅದನ್ನು ಚೀಟಿಗೆ ಸೇರಿಸಲು ಮೊಬೈಲ್ ತೆಗೆದು, ಆಮೇಲೆ ಸೇರಿಸದೆ ಒಳಗಿಟ್ಟಿದ್ದಳು.

ಕಾಡನ್ನು ಹೊಲಸು ಮಾಡಿದವರ ಮೇಲಿನ ಅಸಹ್ಯ ಎರಡು ದಿನದಲ್ಲಿ ಆರಿತು. ತನ್ನ ಮೇಲಿನದು ವಾರವೆಲ್ಲ ಆರಲಿಲ್ಲ. ಒಂದು ಸಾಲು ಬರೆದರೆ ದೇವರಕಾಡು ಉಳಿಯುತ್ತಿತ್ತು. ಬರೆದರೆ ತಾನೂ ಆ ಬಸ್ಸಿಗೇ ಹತ್ತಬೇಕಿತ್ತು. ಯಾರೂ ಕೇಳದ ಎರಡು ಗಂಟೆಯ ಆಸೆಗೆ ಅಮ್ಮನ ಕಲ್ಲಿನ ಪಕ್ಕ ವಾಂತಿ ಬಿದ್ದಿತ್ತು. ಗುರುವಾರ ಸಂಜೆ ಮಂಡ್ಯದ ಮನೆಯ ಹತ್ತಿರದ ದೇವಸ್ಥಾನದಲ್ಲಿ ಕಾವ್ಯ ಓದಿಸುತ್ತಿದ್ದರು. ಚಿಕ್ಕಂದಿನಿಂದ ಒಂದಕ್ಷರ ಬಿಡದೆ ಕೇಳಿದವಳು ಆ ದಿನ ಏನನ್ನೂ ಕೇಳದೆ ಎದ್ದು ಬಂದಳು. ಸುಳ್ಳು ಹೇಳಿದ ಬಾಯಿಯಷ್ಟೇ ಕಿವಿಯೂ ಕೊಳೆಯಾದಂತಿತ್ತು.

ಭಾನುವಾರ ನಾಲ್ಕು ಗೋಣಿಚೀಲ, ಕೈಗೆ ಗ್ಲೌಸು ತೆಗೆದುಕೊಂಡು ಮೊದಲ ಬಸ್ಸಿಗೇ ಬಂದಳು. ಮಂಚಮ್ಮನ ಹತ್ತಿರ ಹೋಗಿ, ಚೀಟಿ ಬರೆದವಳು ನಾನೇ, ಪೊರಕೆ ಕೊಡಿ ಎಂದಳು. ಮಂಚಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ಪೊರಕೆ ಕೊಟ್ಟು, ದೊಣೆಯ ಕಡೆ ಕೈ ತೋರಿಸಿದಳು. "ಅಲ್ಲೊಬ್ಬ ಬೆಳಗಾನೆ ಬಂದು ಇಳ್ದವ್ನೆ. ಇಬ್ರೂ ಸೇರ್ಕಂಡು ಬಳೀರಿ."

ರಘುನಂದನ್ ಎದೆಮಟ್ಟದ ಕೊಳಕು ನೀರಿನಲ್ಲಿದ್ದ. ಬಾಟಲಿ ಎತ್ತಿ ದಡಕ್ಕೆ ಇಡುತ್ತಿದ್ದ. ಗಡ್ಡದಲ್ಲಿ ಪಾಚಿ. ಅವಳನ್ನು ಕಂಡು, ಇನ್ನು ಮೇಲೆ ಬಾಟಲಿ ಕೌಂಟರ್ ದಾಟುವುದಿಲ್ಲ, ಅಲ್ಲೇ ಕೂತು ಕುಡಿದು ಅಲ್ಲೇ ಬಿಟ್ಟು ಹೋಗಬೇಕು, ವೈನರಿಯ ಯಜಮಾನರನ್ನು ಒಪ್ಪಿಸಿದೆ ಎಂದಷ್ಟೇ ಹೇಳಿದ. ಇವತ್ತು ಕೌಂಟರಿನಲ್ಲಿ ತನ್ನ ಜಾಗಕ್ಕೆ ವೈನರಿಯ ಹುಡುಗ ಪುನೀತ್ ನಿಂತಿದ್ದಾನಂತೆ.

ಅವನು ಎತ್ತಿದ, ಅವಳು ತುಂಬಿದಳು. ಕೊಳೆತ ಡೈಪರ್ ಕೈಯಲ್ಲೇ ಒಡೆದಾಗ ಅವಳು ಪೊದೆಯ ಹಿಂದೆ ಹೋಗಿ ಕಾರಿಕೊಂಡು ಬಂದಳು. ಅವನು ನೀರಿನ ಬಾಟಲಿ ಚಾಚಿದ. ಅವಳು ಬಾಯಿ ಮುಕ್ಕಳಿಸಿದಳು.

"ನಾನು ಸುಳ್ಳು ಹೇಳ್ದೆ ಗೌಡ್ರೆ. ಆ ಬಸ್ಸು ನಂಗೆ ಗೊತ್ತಿತ್ತು. ಬರೆದ್ರೆ ನಾನೂ ಅದ್ರಲ್ಲೇ ಹೋಗ್ಬೇಕಿತ್ತು. ಹೋಗೋಕೆ ಇಷ್ಟ ಇರ್ಲಿಲ್ಲ."

ನೀರಿನಲ್ಲಿ ನಿಂತವನು ಕೈಯಲ್ಲಿದ್ದ ಬಾಟಲಿಯನ್ನು ದಡಕ್ಕಿಟ್ಟ. ಅವಳ ಪಾದ ನೋಡಿದ. ಕೆಸರು ಮೆತ್ತಿದ ಪಾದ.

"ನಾನು ಹುಟ್ದಾಗ್ಲಿಂದ ಆ ಬಸ್ಸು ನೋಡಿವ್ನಿ" ಎಂದ. "ಒಂದೂವರೆ ವರ್ಸ ನಿಮ್ಗೆ ಯೋಳ್ಲಿಲ್ಲ. ಮೊನ್ನೆ ಸಿಟ್ಟಲ್ಲಿ ಬಾಯ್ ತಪ್ತು."

"ಯಾಕ್ ಹೇಳ್ಲಿಲ್ಲ?"

"ಯೋಳಿದ್ರೆ ಓಗ್ಬುಡ್ತಿದ್ರಲ್ಲ."

ದಡದ ಮೇಲೆ ಕೂತು, ಕೈ ಒರೆಸಿಕೊಂಡು, ವೀಣ ಚೀಟಿಗೆ ಆ ಸಾಲನ್ನು ಸೇರಿಸಿದಳು: ಹುಣಸೆಮರದ ಗೇಟು, ಮೂರು ಐವತ್ತು, ಮಳವಳ್ಳಿ. ಅವನು ಪಕ್ಕಕ್ಕೆ ಬಂದು ಓದಿ, "ಕಳ್ಸಿ" ಎಂದ. ಕಳಿಸಿದಳು. ಬರೆದವಳೇ ಹತ್ತದಿದ್ದರೆ ಅದೂ ಒಂದು ಸುಳ್ಳೇ ಎಂದುಕೊಂಡು ಎದ್ದಳು. ಅವನೂ ಎದ್ದ.

ಮೂರು ಐವತ್ತಕ್ಕೆ ಹುಣಸೆಮರದ ಗೇಟಿಗೆ ಬಂದ ಬಸ್ಸು ತುಂಬಿತ್ತು. ಇಬ್ಬರೂ ಹತ್ತಿದ ಕೂಡಲೇ ಸೆರಗುಗಳು ಮೂಗಿಗೆ ಹೋದವು. ಯಾರೋ ಥೂ ಎಂದರು, ಯಾರೋ ಕಿಟಕಿ ಎಳೆದರು. ಹಿಂದಿನ ಸೀಟಿನಲ್ಲಿದ್ದ ಇಬ್ಬರು ಗೊಣಗುತ್ತ ಎದ್ದು ಮುಂದಕ್ಕೆ ಹೋಗಿ ನಿಂತರು. ಇಬ್ಬರಿಗೂ ಕೂರಲು ಜಾಗವಾಯಿತು.

ಮಾದಯ್ಯ ಮೂಗಿಗೆ ಟವೆಲ್ ಒತ್ತಿಕೊಂಡೇ ಬಂದು, ವೀಣಳಿಗೆ ಹೆಂಗಸರ ಫ್ರೀ ಟಿಕೆಟ್ ಹರಿದು ಕೊಟ್ಟು, ರಘುನಂದನ್‌ಗೆ ಮಳವಳ್ಳಿಯಲ್ಲಿ ಏನು ಕೆಲಸ ಎಂದು ಕೇಳಿದ. ಇವರನ್ನು ಮಂಡ್ಯದ ಬಸ್ಸಿಗೆ ಹತ್ತಿಸಬೇಕು ಎಂದ ರಘುನಂದನ್.

"ಮಂಡ್ಯಕ್ಕೆ ಒಂದ್ರಿಂದೆ ಒಂದು ಬಸ್ಸವೆ. ಅದ್ಕೆ ಒಬ್ರು ಬೇಕಾ?"

ವೀಣ ಸೀಟಿನ ಮೇಲಿದ್ದ ರಘುನಂದನನ ಕೈಯನ್ನು, ಪಾಚಿ ಹತ್ತಿದ, ನಾರುವ ಕೈಯನ್ನು, ಎಲ್ಲರೂ ನೋಡುವ ಹಾಗೆ ಹಿಡಿದುಕೊಂಡಳು.

"ಒಂದೆರಡು ಬಸ್ಸು ಬಿಡ್ತೀವಿ ಮಾದಯ್ನೋರೆ" ಎಂದಳು.