ಏಳೂವರೆಯವರೆಗಿನ ಕಾರು

ಮಂಡಿ ಸ್ಟಿಯರಿಂಗಿಗೆ ತಾಗಿಸಿಕೊಂಡೇ ಅವಸರದಲ್ಲಿ ಬಂದಿದ್ದ ಅವನು, ಅವಳು ಕಾರು ಹತ್ತಿದ ಮೇಲೆ ತನ್ನ ಸೀಟನ್ನು ಹಿಂದಕ್ಕೆ ತಳ್ಳಿದ. ಇವತ್ತೂ.

ಅವಳು ಕಿಟಕಿಯಾಚೆ ನೋಡುತ್ತಿರುವಂತೆ ನಟಿಸಿದಳು. ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಅವಳದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಣ್ಣಿಗೆ ಚುಚ್ಚುತ್ತದೆ. ಇದು ಒಂದು ಗೇಣು. ಇವನಿಗಿಂತ ಗಿಡ್ಡ ಕಾಲಿನ ಯಾರೋ ಇಲ್ಲಿ ಕೂತು ಎದ್ದುಹೋಗಿದ್ದಾರೆ.

"ಏನು ಯೋಚನೆ?"

"ಲಿಫ್ಟ್ ರಿಪೇರಿ ಮಾಡೋ ನಿನಗೆ ಇಂಥ ಕಾರು ತಗೊಳ್ಳೋಷ್ಟು ಸಂಬಳನಾ ಅಂತ."

"ಮೇಲೆ ಹೋಗೋ ಕೆಲಸ ಅಲ್ವಾ."

ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲು ಸಣ್ಣಗಾಗುತ್ತಿತ್ತು. ಅದನ್ನು ಕಂಡರೆ ಸಾಕು, ಕೇಳಬೇಕಾದ್ದು ಅವಳ ಗಂಟಲಲ್ಲೇ ಕರಗುತ್ತಿತ್ತು.

ಕಾರು ಸದ್ದಿಲ್ಲದೆ ಹೊರಟಿತು. ಆ ಸದ್ದಿಲ್ಲದಿರುವುದೇ ಅವಳ ಅಕ್ಕನಿಗೆ ಆಗಿಬರುತ್ತಿರಲಿಲ್ಲ. "ಎಲೆಕ್ಟ್ರಿಕ್ ಕಾರು ದುಡ್ಡಿದ್ದೋರ ಆಟದ ಸಾಮಾನು ಕಣೇ. ಒಂದೋ ಕದ್ದಿರಬೇಕು, ಇಲ್ಲ ಯಾವಳೋ ಕೊಡಿಸಿರಬೇಕು." ಪೆಟ್ರೋಲಿಗೆ ಸುರಿಯೋದು ಉಳಿಯುತ್ತಲ್ಲ, ಕೊನೆಗೆ ಅದೇ ಅಗ್ಗ ಅಂದಿದ್ದರು ಭಾವ. "ಕೊನೆತನಕ ಹೋಗೋಕೆ ಮೊದಲು ಕೊಳ್ಳಬೇಕಲ್ಲ," ಅಂತ ಅಕ್ಕ ಅವರ ಬಾಯಿ ಮುಚ್ಚಿಸಿದ್ದಳು.

ಅವನು ಮದುವೆಯ ಮಾತೆತ್ತಿ ವಾರವಾಗಿತ್ತು. ಅವಳು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಪ್ರತಿ ಸಂಜೆಯೂ ಏಳೂವರೆಗೆ, ಮಾತು ಅರ್ಧದಲ್ಲಿದ್ದರೂ, ಅವಳನ್ನು ಮನೆ ಬೀದಿಯ ತಿರುವಿನಲ್ಲಿ ಇಳಿಸಿ ಓಡುವವನಿಗೆ ಏನಂತ ಉತ್ತರ ಕೊಡುವುದು?

ತಿರುವು ಬಂತು. ಅವಳು ಬೆಲ್ಟ್ ಬಿಚ್ಚಲಿಲ್ಲ.

"ಇಳಿಯಲ್ವಾ?"

"ಇಲ್ಲ. ಈಗ ಯಾರನ್ನ ನೋಡೋಕೆ ಹೋಗ್ತೀಯೋ, ಅವರನ್ನ ನಾನೂ ನೋಡ್ತೀನಿ."

ಅವನ ಕಿವಿ ಕೆಂಪಾಯಿತು. ಸಿಕ್ಕಿಬಿದ್ದ ಕಿವಿ, ಅಂದುಕೊಂಡಳು. ಅವನು ಕಾರನ್ನು ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಸಿದ.

ಅಲ್ಲಿ ಚಾರ್ಜರ್ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನರ್ಸ್ ಯೂನಿಫಾರ್ಮು. ಅವನ ಭುಜಕ್ಕೂ ಬರುತ್ತಿರಲಿಲ್ಲ.

"ಲೇಟು," ಎಂದು ಕೈ ಚಾಚಿದಳು. ಅವನು ಕೀ ಕೊಟ್ಟ.

"ಇವರು ನಮ್ಮ ಕೆಳಗಿನ ಮನೆಯವರು," ಅಂದ. "ಕಾರು ಇಬ್ಬರದೂ."

"ಸಂಜೆ ಇವನದು, ರಾತ್ರಿ ಡ್ಯೂಟಿಗೆ ನಂದು," ಅಂದಳು ನರ್ಸ್. "ಒಬ್ಬೊಬ್ಬರೇ ತಗೊಳ್ಳೋಕೆ ಹೋಗಿದ್ರೆ ಇಬ್ಬರಿಗೂ ಸೈಕಲ್ಲೇ ಗತಿ." ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇನಾ? ನಿನಗೋಸ್ಕರನಾ ಇವನು ತನ್ನ ಪಾಲು ಮಾರ್ತೀನಿ ಅಂತಿರೋದು? ನಾನು ಆಸ್ಪತ್ರೆಗೆ ಏನು ಹಾರ್ಕೊಂಡು ಹೋಗ್ಲಾ?"

ಕಾರು ಹತ್ತಿ, ಸೀಟನ್ನು ಮುಂದಕ್ಕೆಳೆದುಕೊಂಡು ಹೊರಟೇಹೋದಳು.

ಟ್ಯೂಬ್‌ಲೈಟಿನ ಕೆಳಗೆ ಇಬ್ಬರೇ ಉಳಿದರು. ಕಾರಿಲ್ಲದೆ ನಿಂತ ಅವನು ಯಾಕೋ ಹೊಸಬನಂತೆ ಕಂಡ.

"ಯಾಕೆ ಮುಚ್ಚಿಟ್ಟೆ?"

"ಮೊದಲ ದಿನ ನೀನು, ನಿನ್ನ ಕಾರಾ ಅಂತ ಕೇಳ್ದೆ. ನಾನು ಹೂಂ ಅಂದೆ. ಆಮೇಲೆ ಪಾಲಿಂದು ಅನ್ನೋಕೆ ಬಾಯಿ ಬರ್ಲಿಲ್ಲ."

"ಮಾರೋದು ಯಾಕೆ?"

"ಮನೆ ಅಡ್ವಾನ್ಸಿಗೆ."

"ಯಾರ ಮನೆ?"

"ನಮ್ಮ."

"ನಾನಿನ್ನೂ ಒಪ್ಪಿಲ್ಲ."

"ಗೊತ್ತು. ಅದಕ್ಕೇ ಇನ್ನೂ ಮಾರಿಲ್ಲ."

ಅವಳು ಅವನ ಮುಖವನ್ನು ಗಾಜು ಪರೀಕ್ಷಿಸುವಂತೆ ಬೆಳಕಿಗೆ ಹಿಡಿದು ನೋಡಿದಳು. "ಇನ್ನೇನು ಸುಳ್ಳು ಹೇಳಿದೀಯ?"

ಅವನು ತಲೆ ಕೆರೆದುಕೊಂಡ. "ವಯಸ್ಸು. ಎರಡು ವರ್ಷ."

ನಗಬಾರದು ಎಂದುಕೊಂಡಳು. ಆಗಲಿಲ್ಲ.

ಇಬ್ಬರೂ ಇಳಿಜಾರು ಹತ್ತಿ ರಸ್ತೆಗೆ ಬಂದರು.

"ಮಾರ್ಬೇಡ," ಅಂದಳು. "ಅವರು ಡ್ಯೂಟಿಗೆ ಹೋಗೋದು ಬೇಡ್ವಾ?"

"ಮತ್ತೆ ಮನೆ?"

"ಎಲ್ಲಾ ಒಬ್ಬನೇ ಲೆಕ್ಕ ಹಾಕಿದೀಯ. ನನ್ನ ಸಂಬಳ ಎಷ್ಟು ಅಂತ ಒಂದು ಸಲಾನಾದ್ರೂ ಕೇಳಿದ್ಯಾ?"

ಅವನು ನಡುರಸ್ತೆಯಲ್ಲೇ ನಿಂತುಬಿಟ್ಟ. ಅವಳು ಅವನ ಮುಂಗೈ ಹಿಡಿದು ಫುಟ್‌ಪಾತಿಗೆ ಎಳೆದುಕೊಂಡಳು, ಆಮೇಲೂ ಬಿಡಲಿಲ್ಲ.

"ಎಷ್ಟು?" ಅಂದ, ಮೆಲ್ಲಗೆ.

"ಬಸ್ಸಲ್ಲಿ ಹೇಳ್ತೀನಿ. ಬಾ."